ಕೈಗೆ ಕಣ್ಣು ಕೊಟ್ಟವರು

ಹೊಕ್ಕುಳಿನಿಂದ ಬಲಸೊಂಟದ ಮೂಳೆಯ ಮುಂಭಾಗದ ಮೊನೆಗೆ ಒಂದು ಗೆರೆ ಎಳೆದುಕೊಳ್ಳಿ. ಆ ಗೆರೆಯನ್ನು ಮೂರು ಪಾಲು ಮಾಡಿ, ಮೂಳೆಯ ಕಡೆಯಿಂದ ಮೊದಲ ಪಾಲು ಮುಗಿಯುವಲ್ಲಿ ಬೆರಳಿಡಿ. ಅಪೆಂಡಿಕ್ಸ್ ಬಾತುಕೊಂಡವರಿಗೆ ಅಲ್ಲಿ ಒತ್ತಿದರೆ ತಡೆಯಲಾಗದ ನೋವು. ಆ ಜಾಗಕ್ಕೆ ಮೆಕ್‌ಬರ್ನಿ ಬಿಂದು ಎಂದು ಹೆಸರು. ನ್ಯೂಯಾರ್ಕಿನ ಶಸ್ತ್ರವೈದ್ಯ ಚಾರ್ಲ್ಸ್ ಮೆಕ್‌ಬರ್ನಿ 1889ರಲ್ಲಿ ಅದನ್ನು ವಿವರಿಸಿದರು. ಅಲ್ಲಿಂದ ಸ್ವಲ್ಪ ಮೇಲೆ, ಬಲ ಪಕ್ಕೆಲುಬಿನ ಅಂಚಿನ ಕೆಳಗೆ ಕೈಯಿಟ್ಟು ಉಸಿರು ಎಳೆಯಲು ಹೇಳಿದಾಗ ರೋಗಿ ತಟ್ಟನೆ ಉಸಿರು ಹಿಡಿದರೆ, ಅದು ಶಿಕಾಗೋದ ಮರ್ಫಿಯ ಚಿಹ್ನೆ. ಪಿತ್ತಕೋಶ ಬಾತಿದೆ ಎಂದು ಅರ್ಥ. ಅಂಗಾಲನ್ನು ಕೆರೆದಾಗ ಹೆಬ್ಬೆರಳು ಮೇಲಕ್ಕೆದ್ದರೆ ಅದು ಪ್ಯಾರಿಸ್ಸಿನ ಬಾಬಿನ್‌ಸ್ಕಿಯದು. ಹೀಗೆ ಬೈಂದೂರಿನ ಕಡಲಿಗಿಳಿಯುವ ಮನುಷ್ಯನೊಬ್ಬನ ಮೈಮೇಲೆ ನ್ಯೂಯಾರ್ಕ್, ಶಿಕಾಗೋ, ಪ್ಯಾರಿಸ್ ಎಲ್ಲ ಬಂದು ಕೂತಿವೆ. ಈ ಚಿಹ್ನೆಗಳನ್ನು ಮೊದಲು ಯಾರ ಮೈಯಲ್ಲಿ ಕಂಡರೋ ಆ ರೋಗಿಗಳ ಹೆಸರು ಮಾತ್ರ ಒಂದೂ ಇಲ್ಲ.

ವೈದ್ಯಶಾಸ್ತ್ರದ ಸಾಮಾಜಿಕ ಚರಿತ್ರೆಯನ್ನು ಓದುತ್ತಿರುವ ನನಗೆ ಈ ಹೆಸರುಗಳ ಪಟ್ಟಿ ಬಹಳ ದಿನದಿಂದ ಕಾಡುತ್ತಿದೆ. ವೈದ್ಯಕೀಯ ವಿದ್ಯಾರ್ಥಿಗೆ ರೋಗಿಯ ಮೈ ಪರೀಕ್ಷಿಸುವುದನ್ನು ಕಲಿಸುವವರು ಯಾರು? ಪ್ರೊಫೆಸರ್ ಎಂಬುದು ಅರ್ಧ ಉತ್ತರ. ಪ್ರೊಫೆಸರ್ ತೋರಿಸಿಕೊಡುತ್ತಾರೆ, ಕಲಿಯುವುದು ಮಾತ್ರ ಹಾಸಿಗೆಯ ಮೇಲೆ ಮಲಗಿದವರ ಮೈಯಿಂದ. ಕುಂದಾಪುರ, ಬೈಂದೂರು, ಬ್ರಹ್ಮಾವರದ ಜನರಿಗೆ ಇದು ದೂರದ ಸಂಗತಿಯಲ್ಲ. ನಮ್ಮ ಕಡೆ ‘ಮಣಿಪಾಲಕ್ಕೆ ಕರ್ಕಂಡ್ ಹೋಯಿರ್’ ಎಂದರೆ ಕಾಯಿಲೆ ಜೋರಿದೆ ಎಂದೇ ಅರ್ಥ. ಹೆದ್ದಾರಿ 66ರಲ್ಲಿ ತೆಂಕು ದಿಕ್ಕಿಗೆ ಹೋದ ಹಾಗೆ ಹೋದ ಎಷ್ಟೋ ಜನ, ತಮಗೆ ಅರಿವಿಲ್ಲದೆಯೇ, ಮುಂದೆ ದೇಶವಿದೇಶಗಳಲ್ಲಿ ಹೆಸರು ಮಾಡಿದ ವೈದ್ಯರಿಗೆ ಮೊದಲ ಪಾಠ ಹೇಳಿದ್ದಾರೆ. ಆ ಪಾಠದ ಚರಿತ್ರೆಯನ್ನು ಅವರ ಕಡೆಯಿಂದ ನೋಡಿದರೆ ಹೇಗಿರುತ್ತದೆ ಎಂಬುದು ಈ ಬರಹದ ಪ್ರಶ್ನೆ.

ಮೊದಲು ಸುಶ್ರುತನಿಂದ ಶುರುಮಾಡೋಣ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 9ನೆಯ ಅಧ್ಯಾಯ ಪೂರ್ತಿ ಅಭ್ಯಾಸದ ಬಗ್ಗೆ. ಶಾಸ್ತ್ರವನ್ನೆಲ್ಲ ಓದಿದ್ದರೂ ಕೈ ಪಳಗದವನು ಕೆಲಸಕ್ಕೆ ಬಾರನು ಎಂಬುದು ಅಲ್ಲಿಯ ನಿಲುವು. ಕೊಯ್ಯುವುದನ್ನು ಬೂದುಗುಂಬಳ, ಸೋರೆಕಾಯಿ, ಸೌತೆಕಾಯಿಗಳ ಮೇಲೆ ಕಲಿಯಬೇಕು. ನರಕ್ಕೆ ಚುಚ್ಚುವುದನ್ನು ಸತ್ತ ಪ್ರಾಣಿಯ ರಕ್ತನಾಳದಲ್ಲಿ, ತಾವರೆಯ ದಂಟಿನಲ್ಲಿ. ಸಲಾಕೆ ಹಾಕಿ ಹುಣ್ಣಿನ ಆಳ ನೋಡುವುದನ್ನು ಹುಳು ತಿಂದ ಮರದಲ್ಲಿ. ಮೈಯೊಳಗೆ ಸಿಕ್ಕಿಕೊಂಡದ್ದನ್ನು ಎಳೆದು ತೆಗೆಯುವುದನ್ನು ಹಲಸಿನ ಹಣ್ಣಿನಲ್ಲಿ. ಪಟ್ಟಿ ಕಟ್ಟುವುದನ್ನು ಬಟ್ಟೆಯ ಬೊಂಬೆಯ ಮೇಲೆ. ಹಲಸಿನ ಸೊಳೆ ಬಿಡಿಸುತ್ತ ಬೆಳೆದ ನಮ್ಮ ಕಡೆಯವರಿಗೆ ಈ ಪಾಠ ತುಂಬಾ ಹತ್ತಿರದ್ದು ಅನ್ನಿಸೀತು.

ಅದರ ಮುಂದಿನ ಅಧ್ಯಾಯ, ಕಲಿತವನು ವೃತ್ತಿಗೆ ಇಳಿಯುವ ಬಗ್ಗೆ. ರೋಗವನ್ನು ತಿಳಿಯುವ ದಾರಿ ಆರು ಎಂದು ಸುಶ್ರುತ ಎಣಿಸುತ್ತಾನೆ: ಐದು ಇಂದ್ರಿಯಗಳು, ಆರನೆಯದು ಪ್ರಶ್ನೆ. ಚರಕ ಇಲ್ಲಿ ನಾಲಿಗೆಯೊಂದನ್ನು ಬಿಟ್ಟುಬಿಡುತ್ತಾನೆ. ರುಚಿಯನ್ನು ವೈದ್ಯ ನೇರವಾಗಿ ನೋಡಬೇಕಿಲ್ಲ, ಊಹಿಸಿದರೆ ಸಾಕು. ಮೈಗೆ ನೊಣ ಮುತ್ತುತ್ತಿದ್ದರೆ ಮೈ ಸಿಹಿಯಾಗಿದೆ ಎಂದು ತಿಳಿಯಬಹುದು ಎನ್ನುತ್ತಾನೆ. ನಾಡಿ ಹಿಡಿದು ನೋಡುವ ಪದ್ಧತಿ ಗ್ರಂಥಗಳಲ್ಲಿ ಕಾಣಿಸಿಕೊಳ್ಳುವುದು ಇನ್ನೂ ತಡವಾಗಿ, ಶಾರ್ಙ್ಗಧರ ಸಂಹಿತೆಯಲ್ಲಿ. ಒಟ್ಟಿನಲ್ಲಿ ನೋಡು, ಮುಟ್ಟು, ಕೇಳು ಎಂಬ ಸೂತ್ರ ನಮ್ಮಲ್ಲಿ ಹಳೆಯದು. ಆದರೆ ಒಂದೇ ಸೂರಿನಡಿ ನೂರು ರೋಗಿಗಳು, ಒಂದೊಂದು ಹಾಸಿಗೆಯ ಸುತ್ತ ಹತ್ತು ವಿದ್ಯಾರ್ಥಿಗಳು ಎಂಬ ಏರ್ಪಾಡು ಈ ಗ್ರಂಥಗಳಲ್ಲಿಲ್ಲ. ಸೋರೆಕಾಯಿಯ ಅಭ್ಯಾಸ ಮುಗಿಸಿದ ಶಿಷ್ಯ ಗುರುವಿನ ಹಿಂದೆ ರೋಗಿಯ ಮನೆಗೆ ಹೋಗುತ್ತಿದ್ದ. ಅಲ್ಲಿ ರೋಗಿಯೇ ಯಜಮಾನ, ವೈದ್ಯ ಅತಿಥಿ.

ಈ ಸಂಬಂಧ ತಿರುಗುಮುರುಗಾದದ್ದು ಯುರೋಪಿನ ಆಸ್ಪತ್ರೆಗಳಲ್ಲಿ. 1761ರಲ್ಲಿ ವಿಯೆನ್ನಾದ ವೈದ್ಯ ಲಿಯೋಪೋಲ್ಡ್ ಔಯೆನ್‌ಬ್ರುಗರ್, ಎದೆಯನ್ನು ಬೆರಳಿನಿಂದ ತಟ್ಟಿ ಒಳಗಿನ ಸ್ಥಿತಿ ತಿಳಿಯಬಹುದು ಎಂದು ಸಣ್ಣದೊಂದು ಲ್ಯಾಟಿನ್ ಪುಸ್ತಕ ಬರೆದ. ಅವನ ಅಪ್ಪ ಗ್ರಾಟ್ಸ್ ಊರಿನಲ್ಲಿ ವಸತಿಗೃಹ ನಡೆಸುತ್ತಿದ್ದವನು. ಪೀಪಾಯಿಯಲ್ಲಿ ವೈನ್ ಎಷ್ಟು ಉಳಿದಿದೆ ಎಂದು ತಟ್ಟಿ ನೋಡುವುದನ್ನು ಮಗ ಅಲ್ಲೇ ಕಂಡಿದ್ದ ಎಂಬ ಕಥೆ ಪ್ರಚಲಿತ. ಕಥೆ ಹೇಗೇ ಇರಲಿ, ಅವನಿಗೆ ಸಂಗೀತದ ಕಿವಿ ಇದ್ದದ್ದು ನಿಜ. ಮೊಜಾರ್ಟ್‌ನ ಕಾಲದವನಾದ ಸಾಲಿಯೆರಿಯ ಒಂದು ಸಂಗೀತ ನಾಟಕಕ್ಕೆ ಸಾಹಿತ್ಯ ಬರೆದವನು ಇದೇ ವೈದ್ಯ. ಅವನ ಪುಸ್ತಕವನ್ನು ಆಗ ಹೆಚ್ಚಿನವರು ಕಿವಿಗೆ ಹಾಕಿಕೊಳ್ಳಲಿಲ್ಲ. 1808ರಲ್ಲಿ ನೆಪೋಲಿಯನ್‌ನ ವೈದ್ಯ ಕಾರ್ವಿಸಾರ್ ಅದನ್ನು ಫ್ರೆಂಚಿಗೆ ತಂದ ಮೇಲೆ ತಟ್ಟಿ ನೋಡುವುದು ವೈದ್ಯರ ಅಭ್ಯಾಸವಾಯಿತು.

1816ರಲ್ಲಿ ಪ್ಯಾರಿಸ್ಸಿನ ವೈದ್ಯ ಲೆನೆಕ್‌ನ ಬಳಿಗೆ ಹೃದಯದ ತೊಂದರೆಯಿದ್ದ ಯುವತಿಯೊಬ್ಬಳು ಬಂದಳು. ಮೈ ದಪ್ಪವಾಗಿದ್ದರಿಂದ ತಟ್ಟಿದರೆ ಏನೂ ತಿಳಿಯುತ್ತಿರಲಿಲ್ಲ. ಎದೆಗೆ ನೇರವಾಗಿ ಕಿವಿಯಿಡೋಣವೆಂದರೆ ವಯಸ್ಸಿನ ಹೆಣ್ಣು. ಲೆನೆಕ್ ಕಾಗದವನ್ನು ಬಿಗಿಯಾಗಿ ಸುತ್ತಿ ಕೊಳವೆ ಮಾಡಿ, ಒಂದು ತುದಿ ಅವಳ ಎದೆಗೆ, ಇನ್ನೊಂದು ತನ್ನ ಕಿವಿಗೆ ಇಟ್ಟ. ಹೃದಯದ ಬಡಿತ ಅವನು ಹಿಂದೆಂದೂ ಕೇಳದಷ್ಟು ಸ್ಪಷ್ಟವಾಗಿ ಕೇಳಿಸಿತು. 1819ರಲ್ಲಿ ಅವನ ಗ್ರಂಥ ಹೊರಬಂತು. ಸ್ಟೆತಸ್ಕೋಪ್ ವೈದ್ಯರ ಕೊರಳಿಗೆ ಬಂತು. ಒಬ್ಬ ಹೆಣ್ಣಿನ ಸಂಕೋಚದಿಂದ ಹುಟ್ಟಿದ ಉಪಕರಣ ಅದು. ಲೆನೆಕ್‌ನ ಹೆಸರು ಎಲ್ಲರಿಗೂ ಗೊತ್ತು. ಆ ಯುವತಿಯ ಹೆಸರನ್ನು ಅವನ ಗ್ರಂಥ ಹೇಳುವುದಿಲ್ಲ.

ಫ್ರೆಂಚ್ ಕ್ರಾಂತಿಯ ನಂತರದ ಪ್ಯಾರಿಸ್ಸಿನಲ್ಲಿ ಆಸ್ಪತ್ರೆಗೆ ಬರುತ್ತಿದ್ದವರು ಬಡವರು. ಉಳ್ಳವರ ಮನೆಗೆ ವೈದ್ಯರೇ ಹೋಗುತ್ತಿದ್ದರು. ಮಿಶೆಲ್ ಫೂಕೊ 1963ರಲ್ಲಿ ಪ್ರಕಟಿಸಿದ, ಆಸ್ಪತ್ರೆ ಆಧಾರಿತ ವೈದ್ಯಶಾಸ್ತ್ರದ ಹುಟ್ಟನ್ನು ಕುರಿತ ಪುಸ್ತಕದಲ್ಲಿ ಇಲ್ಲಿಯ ಮೌನ ಒಪ್ಪಂದವೊಂದನ್ನು ಗುರುತಿಸುತ್ತಾನೆ. ಬಡವರಿಗೆ ಉಚಿತ ಚಿಕಿತ್ಸೆ ಸಿಗುತ್ತದೆ. ಅದಕ್ಕೆ ಪ್ರತಿಯಾಗಿ ಅವರ ಮೈ ಎಲ್ಲರೂ ನೋಡಿ ಕಲಿಯುವ ಪಾಠವಾಗುತ್ತದೆ. ಆ ಪಾಠದಿಂದ ಬೆಳೆದ ಜ್ಞಾನ ಮುಂದೆ ಉಳ್ಳವರ ಕಾಯಿಲೆಯನ್ನೂ ಗುಣಪಡಿಸುತ್ತದೆ. ಈ ಒಪ್ಪಂದಕ್ಕೆ ಯಾರೂ ರುಜು ಹಾಕಿರಲಿಲ್ಲ.

ಇದೇ ಏರ್ಪಾಡು ಹಡಗು ಹತ್ತಿ ನಮ್ಮಲ್ಲಿಗೂ ಬಂತು. 1835ರಲ್ಲಿ ಕಲ್ಕತ್ತೆಯಲ್ಲಿ, ಅದೇ ವರ್ಷ ಮದರಾಸಿನಲ್ಲಿ ಪಾಶ್ಚಾತ್ಯ ವೈದ್ಯ ಶಿಕ್ಷಣ ಆರಂಭವಾಯಿತು. ಗಂಡಸು ವೈದ್ಯರ ಮುಂದೆ ಮೈ ತೋರಿಸಲು ಒಪ್ಪದ ಹೆಂಗಸರು ಚಿಕಿತ್ಸೆ ಇಲ್ಲದೆ ಸಾಯುತ್ತಿದ್ದುದನ್ನು ಕಂಡ ಮೇರಿ ಶಾರ್ಲೀಬ್ ಎಂಬ ಇಂಗ್ಲಿಷ್ ಮಹಿಳೆ, 1875ರಲ್ಲಿ ಇನ್ನೂ ಮೂವರು ಹೆಂಗಸರೊಂದಿಗೆ ಮದರಾಸು ವೈದ್ಯಕೀಯ ಕಾಲೇಜು ಸೇರಿದರು. ಹೆಣ್ಣು ವೈದ್ಯೆಯಾಗಲು ಬಾಗಿಲು ತೆರೆಸಿದ್ದು ಕೂಡ ರೋಗಿಗಳ ಸಂಕೋಚವೇ. ನಮ್ಮ ಕರಾವಳಿಯಲ್ಲೂ ಇದರ ಪ್ರತಿಧ್ವನಿ ಇದೆ. 1923ರಲ್ಲಿ ಉಡುಪಿಯಲ್ಲಿ ಬಾಸೆಲ್ ಮಿಶನ್ನಿನ ಆಸ್ಪತ್ರೆ ಆರಂಭಿಸಿದವರು ಸ್ವಿಜರ್ಲೆಂಡಿನಿಂದ ಬಂದ ವೈದ್ಯೆ ಇವಾ ಲೊಂಬಾರ್ಡ್. ಈಗಲೂ ಆ ಆಸ್ಪತ್ರೆ ಅವರ ಹೆಸರಿನಲ್ಲಿದೆ.

ಆಗ ದಕ್ಷಿಣ ಕನ್ನಡ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ಡಾಕ್ಟರಾಗಬೇಕೆಂದ ಕರಾವಳಿಯ ಹುಡುಗ ಮದರಾಸಿಗೇ ಹೋಗಬೇಕು. ಹಾಗೆ ಹೋದವರಲ್ಲಿ ಒಬ್ಬರು ಸ್ವರ್ಣಾ ನದಿಯ ದಡದ ಕಲ್ಯಾಣಪುರದಲ್ಲಿ 1898ರಲ್ಲಿ ಹುಟ್ಟಿದ ತೋನ್ಸೆ ಮಾಧವ ಅನಂತ ಪೈ. ಮದರಾಸಿನಲ್ಲಿ ಕಲಿತು ಬಂದು ಉಡುಪಿಯಲ್ಲಿ ವೈದ್ಯವೃತ್ತಿಗೆ ಕೂತ ಡಾ. ಟಿ.ಎಂ.ಎ. ಪೈ, 1925ರಲ್ಲಿ ಉಪೇಂದ್ರ ಪೈ ಮತ್ತು ವಾಮನ ಕುಡ್ವರ ಜೊತೆ ಸೇರಿ ಉಡುಪಿಯಲ್ಲಿ ಬ್ಯಾಂಕೊಂದನ್ನು ಕಟ್ಟಿದರು. ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಅದೇ. 1928ರಲ್ಲಿ ಆ ಬ್ಯಾಂಕು ಪಿಗ್ಮಿ ಎಂಬ ಠೇವಣಿ ತಂದಿತು. ದಿನಕ್ಕೆ ಎರಡಾಣೆ ಕೊಟ್ಟರೂ ಏಜೆಂಟ್ ಮನೆಬಾಗಿಲಿಗೆ ಬಂದು ತೆಗೆದುಕೊಂಡು ಪುಸ್ತಕದಲ್ಲಿ ಬರೆದುಕೊಡುತ್ತಿದ್ದ. ಬಡವರ ಸಣ್ಣ ಕಾಸು ಒಟ್ಟಾದರೆ ದೊಡ್ಡ ಬಂಡವಾಳ ಎಂಬುದನ್ನು ಆ ಯೋಜನೆ ತೋರಿಸಿತು.

1953ರಲ್ಲಿ ಅವರು ಮಣಿಪಾಲದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು ತೆರೆದಾಗ ಅದು ದೇಶದ ಮೊದಲ ಸ್ವಹಣಕಾಸಿನ ಖಾಸಗಿ ವೈದ್ಯಕೀಯ ಕಾಲೇಜು. ಶರೀರ ರಚನೆ, ಶರೀರ ಕ್ರಿಯೆಗಳ ಪಾಠ ಗುಡ್ಡದ ಮೇಲೆ ನಡೆಸಬಹುದಿತ್ತು. ರೋಗಿಗಳು ಬೇಕಲ್ಲ? ದೊಡ್ಡ ಆಸ್ಪತ್ರೆ ಕಟ್ಟಿ, ಜನರ ನಂಬಿಕೆ ಗಳಿಸಿ, ಹಾಸಿಗೆ ತುಂಬುವುದು ಒಂದೆರಡು ವರ್ಷದ ಕೆಲಸವಲ್ಲ. ದಾರಿ ಸಿಕ್ಕಿದ್ದು ಮಂಗಳೂರಿನಲ್ಲಿ. ಅಲ್ಲಿಯ ವೆನ್ಲಾಕ್ ಸರ್ಕಾರಿ ಆಸ್ಪತ್ರೆಯಲ್ಲಿ ಕಲಿಯಲು ಖಾಸಗಿ ಕಾಲೇಜಿನ ವಿದ್ಯಾರ್ಥಿಗಳಿಗೆ ಅನುಮತಿ ದೊರೆಯಿತು. ಪುಸ್ತಕದ ಪಾಠ ಮಣಿಪಾಲದಲ್ಲಿ ಮುಗಿಸಿದ ಹುಡುಗ ಹುಡುಗಿಯರು ಹಾಸಿಗೆಯ ಪಾಠಕ್ಕೆ ಮಂಗಳೂರಿಗೆ ಹೋದರು. ಮಣಿಪಾಲದಲ್ಲೇ ಕಸ್ತೂರ್ಬಾ ಆಸ್ಪತ್ರೆ ಎದ್ದದ್ದು 1961ರಲ್ಲಿ. ಸರ್ಕಾರಿ ಆಸ್ಪತ್ರೆ ಮತ್ತು ಖಾಸಗಿ ಕಾಲೇಜಿನ ಈ ಜೋಡಿಯನ್ನು ಇಂದು ದೂರದೃಷ್ಟಿಯ ಸಹಭಾಗಿತ್ವವೆಂದು ಹೊಗಳುತ್ತಾರೆ. ಹೊಗಳಿಕೆಗೆ ಕಾರಣವಿದೆ: ತಜ್ಞ ವೈದ್ಯರನ್ನು ಕಾಣದ ವಾರ್ಡಿಗೆ ಪ್ರೊಫೆಸರುಗಳು ಬಂದರು, ಬಡವರಿಗೆ ಒಳ್ಳೆಯ ಚಿಕಿತ್ಸೆ ಸಿಕ್ಕಿತು. ಆದರೆ ಈ ಸಹಭಾಗಿತ್ವದಲ್ಲಿ ಮೂರನೆಯ ಪಾಲುದಾರರೊಬ್ಬರಿದ್ದರು. ಸರ್ಕಾರ ಕಟ್ಟಡ ಕೊಟ್ಟಿತು, ಕಾಲೇಜು ವೈದ್ಯರನ್ನು ಕೊಟ್ಟಿತು, ರೋಗಿ ಮೈ ಕೊಟ್ಟ. ಪಿಗ್ಮಿ ಪುಸ್ತಕದಲ್ಲಿ ಎರಡಾಣೆಗೂ ಲೆಕ್ಕವಿತ್ತು. ವಾರ್ಡಿನಲ್ಲಿ ಕೊಟ್ಟದ್ದಕ್ಕೆ ಅಂಥ ಪುಸ್ತಕ ಇರಲಿಲ್ಲ.

ಏನನ್ನು ಕೊಟ್ಟರು ಎಂಬುದು ತಿಳಿಯಬೇಕಾದರೆ ಪರೀಕ್ಷೆಯ ಕ್ರಮವನ್ನು ಸ್ವಲ್ಪ ವಿವರವಾಗಿ ನೋಡಬೇಕು. ನೋಡುವುದು, ಮುಟ್ಟುವುದು, ತಟ್ಟುವುದು, ಆಲಿಸುವುದು – ಇದು ನಾಲ್ಕು ಹೆಜ್ಜೆಯ ಕ್ರಮ. ಲಂಡನ್ನಿನಲ್ಲಿ 1897ರಲ್ಲಿ ಮೊದಲು ಅಚ್ಚಾದ ಹಚಿಸನ್‌ನ ಕೈಪಿಡಿ ಇಂದಿಗೂ ನಮ್ಮ ವಿದ್ಯಾರ್ಥಿಗಳ ಚೀಲದಲ್ಲಿದೆ. ರೋಗಿಯ ಬಲಗಡೆ ನಿಲ್ಲಬೇಕು. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಬೇಕು. ನೋವಿರುವ ಜಾಗವನ್ನು ಕೊನೆಗೆ ಮುಟ್ಟಬೇಕು. ಹೊಟ್ಟೆ ಒತ್ತುವಾಗ ಕಣ್ಣು ರೋಗಿಯ ಮುಖದ ಮೇಲಿರಬೇಕು. ಬಾಯಿ ಹೇಳದ್ದನ್ನು ಹುಬ್ಬು ಹೇಳುತ್ತದೆ. ಯಕೃತ್ತು ಊದಿದೆಯೇ ಎಂದು ತಿಳಿಯಲು ಬೆರಳನ್ನು ಇಟ್ಟಲ್ಲೇ ಇಟ್ಟು ಕಾಯಬೇಕು. ರೋಗಿ ಉಸಿರೆಳೆದಾಗ ಅದು ತಾನಾಗಿ ಕೆಳಗಿಳಿದು ಬೆರಳಿಗೆ ತಾಗುತ್ತದೆ. ಹುಡುಕಿಕೊಂಡು ಹೋಗಿ ಚುಚ್ಚುವ ಬೆರಳಿಗೆ ಅದು ಸಿಗುವುದಿಲ್ಲ.

ತಟ್ಟುವ ವಿದ್ಯೆ ಇನ್ನೂ ನವಿರು. ಎಡಗೈಯ ನಡುಬೆರಳನ್ನು ಪಕ್ಕೆಲುಬುಗಳ ನಡುವೆ ಬಿಗಿಯಾಗಿ ಇಟ್ಟು, ಬಲಗೈಯ ನಡುಬೆರಳನ್ನು ಬಾಗಿಸಿ ಅದರ ಮೇಲೆ ತಟ್ಟಬೇಕು. ಮಣಿಕಟ್ಟು ಮಾತ್ರ ಆಡಬೇಕು, ಮೊಣಕೈ ಅಲುಗಬಾರದು. ತಟ್ಟಿದ ಬೆರಳು ಕೂಡಲೇ ಮೇಲೇಳಬೇಕು. ಅಲ್ಲೇ ಕೂತರೆ ನಾದ ಸಾಯುತ್ತದೆ. ಗಾಳಿ ತುಂಬಿದ ಶ್ವಾಸಕೋಶದ ಮೇಲೆ ತೆರೆದ ನಾದ, ಯಕೃತ್ತಿನ ಮೇಲೆ ಮಂದ, ಎದೆಯಲ್ಲಿ ನೀರು ನಿಂತಿದ್ದರೆ ಕಲ್ಲು ಬಡಿದಂತೆ. ಮಂದಾರ್ತಿ, ಮಾರಣಕಟ್ಟೆ ಮೇಳಗಳ ಆಟ ನೋಡಿ ಬೆಳೆದವರಿಗೆ ಇದನ್ನು ವಿವರಿಸುವುದು ಸುಲಭ. ಬೆರಳು ಚರ್ಮದ ಮೇಲೆ ನಿಂತರೆ ಒಂದು ದನಿ, ಎದ್ದರೆ ಇನ್ನೊಂದು ಎಂಬುದು ಮದ್ದಳೆಗಾರರ ಮೊದಲ ಪಾಠ. ಹಲಸಿನಕಾಯಿ ಬಲಿತಿದೆಯೇ ಎಂದು ತಟ್ಟಿ ನೋಡುವ ಅಜ್ಜಿಗೂ ಔಯೆನ್‌ಬ್ರುಗರ್‌ನ ತತ್ವ ಗೊತ್ತು.

ಇದೆಲ್ಲ ಒಂದು ಸಲಕ್ಕೆ ಬರುವ ವಿದ್ಯೆಯಲ್ಲ. ನೂರು ಹೊಟ್ಟೆ ಮುಟ್ಟಿದ ಮೇಲೆ ಊದಿದ ಗುಲ್ಮ ಕೈಗೆ ಹತ್ತುತ್ತದೆ. ಹೃದಯದ ಕವಾಟ ಕಿರಿದಾದವರ ಎದೆಯಲ್ಲಿ ಕೇಳುವ ಸಣ್ಣ ಗುಡುಗಿನಂಥ ಸದ್ದನ್ನು ಹಿಡಿಯಲು, ರೋಗಿ ಎಡಮಗ್ಗುಲಾಗಿ ಮಲಗಿ, ಉಸಿರು ಬಿಟ್ಟು ಹಿಡಿಯಬೇಕು. ಪ್ರೊಫೆಸರ್ ಕೇಳಿಸಿಕೊಂಡು ಪಕ್ಕಕ್ಕೆ ಸರಿಯುತ್ತಾರೆ. ಆಮೇಲೆ ಒಬ್ಬರಾದ ಮೇಲೆ ಒಬ್ಬರು ಹತ್ತು ಮಂದಿ ತಣ್ಣನೆಯ ಸ್ಟೆತಸ್ಕೋಪ್ ಇಡುತ್ತಾರೆ. ‘ಕೇಳಿಸಿತಾ?’ ‘ಕೇಳಿಸಿತು ಸರ್.’ ಅರ್ಧ ಮಂದಿಗೆ ಏನೂ ಕೇಳಿಸಿರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ಗುಟ್ಟು. ಅಷ್ಟು ಹೊತ್ತು ಎದೆ ತೆರೆದುಕೊಂಡು ಉಸಿರು ಬಿಗಿಹಿಡಿದು ಮಲಗಿದವರಿಗೆ, ಆ ಹತ್ತು ಜನರಲ್ಲಿ ತನಗೆ ಔಷಧ ಬರೆಯುವವರು ಒಬ್ಬರೂ ಇಲ್ಲ ಎಂಬುದು ಗೊತ್ತಿರುತ್ತದೆಯೇ? ಪರೀಕ್ಷೆಯ ದಿನಗಳಲ್ಲಿ ‘ಒಳ್ಳೆಯ ಕೇಸ್’ ಎಂದರೆ ಎದ್ದು ಕಾಣುವ ಚಿಹ್ನೆಗಳಿರುವ ರೋಗಿ. ರೋಗಿಗೆ ಕೆಟ್ಟದ್ದಾದಷ್ಟೂ ಕೇಸ್ ಒಳ್ಳೆಯದು. ಹತ್ತಾರು ಸಲ ಪರೀಕ್ಷೆಗೆ ಒಳಗಾಗಿ ಪಳಗಿದ ಕೆಲವು ಹಳೆಯ ರೋಗಿಗಳು ಬೆವರುತ್ತಿರುವ ಹುಡುಗನಿಗೆ ‘ಎಡಗಡೆ ನೋಡಿ ಡಾಕ್ಟ್ರೇ’ ಎಂದು ಪಿಸುಗುಟ್ಟಿ ಪಾಸು ಮಾಡಿಸಿದ ಕಥೆಗಳು ದೇಶದ ಎಲ್ಲ ಮೆಡಿಕಲ್ ಕಾಲೇಜುಗಳಲ್ಲೂ ಇವೆ. ಆ ಕಥೆಗಳನ್ನು ನಗುತ್ತ ಹೇಳುತ್ತೇವೆ. ಗುರು ಯಾರು ಎಂಬುದನ್ನು ಅವು ನೆಟ್ಟಗೆ ಹೇಳಿಬಿಡುತ್ತವೆ.

ಮುಟ್ಟುವ ಮೊದಲು ಕೇಳಬೇಕು. ಸುಶ್ರುತನ ಆರನೆಯ ದಾರಿ ಅದು, ಇಂದಿನ ವಿದ್ಯಾರ್ಥಿಗೆ ಬಹುಶಃ ಅದೇ ಅತಿ ಕಷ್ಟದ್ದು. ಕರಾವಳಿಯ ವಾರ್ಡಿನಲ್ಲಿ ಕುಂದಾಪ್ರ ಕನ್ನಡ, ತುಳು, ಕೊಂಕಣಿ, ಬ್ಯಾರಿ ಎಲ್ಲ ಒಟ್ಟಿಗೆ ಕೇಳುತ್ತವೆ. ಬ್ರಹ್ಮಾವರದ ಆಸುಪಾಸಿನಲ್ಲಿ ತುಳು ಮತ್ತು ಕುಂದಾಪ್ರ ಕನ್ನಡ ಒಂದಕ್ಕೊಂದು ಕೈ ಕೊಡುತ್ತವೆ. ಅಲ್ಲಿಂದ ಬಡಗಕ್ಕೆ ಬೈಂದೂರಿನವರೆಗೆ ಊರಮಾತು ಕುಂದಾಪ್ರವೇ. ವಿದ್ಯಾರ್ಥಿ ದೆಹಲಿಯವನೋ ಕೊಚ್ಚಿಯವಳೋ ಆಗಿರಬಹುದು. ಪಟ್ಟಿ ನೋಡಿ ಕಲಿತ ಕನ್ನಡದಲ್ಲಿ ‘ನೋವು ಇದೆಯಾ?’ ಎಂದು ಕೇಳಿದರೆ, ‘ಹೊಟ್ಟಿ ಬೇನಿ’ ಎಂದು ಉತ್ತರ ಬರುತ್ತದೆ. ಬೆಂಗಳೂರಿನ ಕನ್ನಡದವರೂ ಅರೆಕ್ಷಣ ತಡವರಿಸುತ್ತಾರೆ.

ಪದ ಗೊತ್ತಾದರೂ ಪೂರ್ತಿ ಗೊತ್ತಾಗುವುದಿಲ್ಲ. ಕನ್ನಡದಲ್ಲಿ ನೋವಿಗೆ ಎಷ್ಟು ಬಗೆ! ಸೆಳೆತ, ಸಿಡಿತ, ಉರಿ, ಹಿಂಡು, ನುಲಿತ, ಚುಚ್ಚು, ಜೋಮು. ಒಂದೊಂದೂ ಬೇರೆಬೇರೆ ರೋಗದ ಕಡೆಗೆ ಬೆರಳು ತೋರಿಸುತ್ತದೆ. ನುಲಿತ ಕರುಳಿನದಿರಬಹುದು, ಹಿಂಡು ಹೃದಯದ್ದಿರಬಹುದು. ಕೇಸ್ ಶೀಟಿನಲ್ಲಿ ಇವೆಲ್ಲ ‘ಪೇಯ್ನ್’ ಎಂಬ ಒಂದೇ ಇಂಗ್ಲಿಷ್ ಪದವಾಗಿ ಇಳಿಯುತ್ತವೆ. ಗಾಯ ಕೀವಾದರೆ ‘ನಂಜಾಯಿತು’ ಎನ್ನುವ ನಮ್ಮ ಕಡೆಯವರ ಮಾತಿನಲ್ಲಿ ಪಥ್ಯದ ಒಂದು ಶಾಸ್ತ್ರವೇ ಅಡ​ಗಿದೆ. ಯಾವ ಮೀನು ನಂಜು, ಯಾವ ತರಕಾರಿ ನಂಜು ಎಂಬ ಪಟ್ಟಿ ಬಾಯಲ್ಲೇ ಇರುತ್ತದೆ. ಅದನ್ನು ಕೇಳಿಸಿಕೊಂಡ ವಿದ್ಯಾರ್ಥಿಗೆ, ರೋಗಿ ಹದಿನೈದು ದಿನದಿಂದ ಸರಿಯಾಗಿ ಉಂಡಿಲ್ಲ ಎಂಬುದೂ ತಿಳಿಯುತ್ತದೆ. ಎದೆಗೆ ಕೈಯಿಟ್ಟು ದನಿಯ ಕಂಪನ ನೋಡುವಾಗ ಇಂಗ್ಲಿಷಿನ ಪಠ್ಯಗಳು ‘ನೈಂಟಿನೈನ್’ ಹೇಳಿಸಿ ಎನ್ನುತ್ತವೆ. ನಮ್ಮ ವಾರ್ಡಿನಲ್ಲಿ ಅದು ‘ಒಂದು, ಒಂದು, ಒಂದು’ ಆಗುತ್ತದೆ. ತನ್ನ ಭಾಷೆಯಲ್ಲಿ ಹೇಳಿಸಿದಾಗಲೇ ಎದೆ ಕಂಪಿಸುತ್ತದೆ ಎಂಬುದು ಬರೀ ಶಬ್ದಶಾಸ್ತ್ರದ ಮಾತಲ್ಲ. 2019ರಿಂದ ಜಾರಿಯಾದ ಹೊಸ ಪಠ್ಯಕ್ರಮದಲ್ಲಿ ಸ್ಥಳೀಯ ಭಾಷೆ ಕಲಿಯುವುದಕ್ಕೆ ಮೊದಲ ವರ್ಷವೇ ಜಾಗ ಕೊಟ್ಟಿದ್ದಾರೆ. ಆ ತರಗತಿಯನ್ನು ಹಾಜರಿಗಾಗಿ ಕೂರುವ ತರಗತಿ ಎಂದುಕೊಂಡವರು, ಪರೀಕ್ಷೆಯ ಮೊದಲ ಹೆಜ್ಜೆಯನ್ನೇ ತಪ್ಪಿಸಿಕೊಳ್ಳುತ್ತಾರೆ.

ಇನ್ನು ಮುಟ್ಟುವುದು. ನಮ್ಮ ಸಮಾಜದಲ್ಲಿ ಮುಟ್ಟುವುದು ಎಂದೂ ಸರಳವಾದ ಕ್ರಿಯೆಯಾಗಿರಲಿಲ್ಲ. ಗೋಪಾಲ್ ಗುರು ಮತ್ತು ಸುಂದರ ಸಾರುಕ್ಕೈ 2012ರ ತಮ್ಮ ಪುಸ್ತಕದಲ್ಲಿ ಅಸ್ಪೃಶ್ಯತೆಯನ್ನು ಸ್ಪರ್ಶದ ತತ್ವಶಾಸ್ತ್ರವಾಗಿಯೇ ಚರ್ಚಿಸಿದರು. ನಮ್ಮ ಮೂರು ತಾಲೂಕುಗಳಲ್ಲೂ ವಾಸಿಸುವ ಕೊರಗ ಸಮುದಾಯದ ಅನುಭವ ಇದಕ್ಕೆ ಕಟುವಾದ ಸಾಕ್ಷಿ. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸಿ ಮನೆಯ ಅನಿಷ್ಟವನ್ನು ಅವರಿಗೆ ದಾಟಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು ಕರ್ನಾಟಕ ಸರ್ಕಾರ 2000ದಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತರಬೇಕಾಯಿತು. ಒಬ್ಬರ ಕೇಡನ್ನು ಇನ್ನೊಬ್ಬರ ಮೈಗೆ ವರ್ಗಾಯಿಸಬಹುದು, ಆ ಮೈಯನ್ನು ಕೇಳಬೇಕಾಗಿಯೂ ಇಲ್ಲ ಎಂಬ ನಂಬಿಕೆ ಇಪ್ಪತ್ತನೆಯ ಶತಮಾನ ಮುಗಿಯುವವರೆಗೂ ಇಲ್ಲಿ ಜೀವಂತವಾಗಿತ್ತು. ಇಂಥ ಊರಿನಲ್ಲಿ ವಿದ್ಯಾರ್ಥಿಯೊಬ್ಬ ಯಾವ ಜಾತಿಯೆಂದು ನೋಡದೆ ರೋಗಿಯ ಹೊಟ್ಟೆಯ ಮೇಲೆ ಬೆಚ್ಚಗಿನ ಅಂಗೈ ಇಡುವುದನ್ನು ಕಲಿತರೆ ಅದು ದೊಡ್ಡ ಸಂಗತಿ. ಅದೇ ಹೊತ್ತಿಗೆ, ಬಡವರ ಮೈಯನ್ನು ಕೇಳದೆ ಮುಟ್ಟಬಹುದು ಎಂಬುದನ್ನೂ ಅವನು ಕಲಿತರೆ ಹಳೆಯ ರೋಗವೇ ಹೊಸ ಅಂಗಿ ತೊಟ್ಟಂತೆ. ವಾರ್ಡಿನ ಪಾಠದಲ್ಲಿ ಈ ಎರಡೂ ಸಾಧ್ಯತೆಗಳು ಒಟ್ಟಿಗೇ ಇವೆ.

ಕಾಲೇಜಿನ ಹೊರಗೂ ಕೈಯ ವಿದ್ಯೆ ಇತ್ತು ಎಂಬುದನ್ನು ಮರೆಯಬಾರದು. ಪಾವಗಡ ತಾಲೂಕಿನ ಸೂಲಗಿತ್ತಿ ನರಸಮ್ಮ ಹೊಟ್ಟೆ ಸವರಿ ಮಗುವಿನ ತಲೆ ಎಲ್ಲಿದೆ ಎಂದು ಹೇಳುತ್ತಿದ್ದರು. ಅಕ್ಷರ ಕಲಿಯದ ಅವರು ಈ ವಿದ್ಯೆಯನ್ನು ಅಜ್ಜಿಯಿಂದ ಕಲಿತಿದ್ದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸೂಲಗಿತ್ತಿಯ ಕೈಗೂ ವಿದ್ಯಾರ್ಥಿಯ ಕೈಗೂ ಒಂದು ವ್ಯತ್ಯಾಸವಿದೆ. ಸೂಲಗಿತ್ತಿ ಮುಟ್ಟುವುದು ತನ್ನ ಊರಿನವಳನ್ನು, ಹೆಸರು ಹಿಡಿದು ಕರೆದು. ನಾಳೆ ಬಾವಿಕಟ್ಟೆಯಲ್ಲಿ ಅವಳ ಮುಖ ನೋಡಬೇಕು. ವಿದ್ಯಾರ್ಥಿಯ ಮುಂದೆ ಮಲಗಿದವರು ‘ಹನ್ನೆರಡನೇ ಬೆಡ್’.

ಬೆಡ್ ನಂಬರಿನ ಈ ಭಾರವನ್ನು ಇಳಿಸುವ ಪ್ರಯತ್ನ ಕಳೆದ ಅರವತ್ತು ವರ್ಷಗಳಲ್ಲಿ ಹಲವು ಕಡೆ ನಡೆದಿದೆ. ಅಮೆರಿಕದ ನರರೋಗ ತಜ್ಞ ಹೊವರ್ಡ್ ಬ್ಯಾರೋಸ್ 1963ರಲ್ಲಿ, ರೋಗಿಯ ಹಾಗೆ ನಟಿಸಬಲ್ಲವರಿಗೆ ತರಬೇತಿ ಕೊಟ್ಟು ವಿದ್ಯಾರ್ಥಿಗಳ ಮುಂದೆ ಕೂರಿಸಿದ. 1968ರಲ್ಲಿ ಮಯಾಮಿಯಲ್ಲಿ, ಹೃದಯದ ಬೇರೆಬೇರೆ ಸದ್ದುಗಳನ್ನು ಹೊರಡಿಸುವ ಹಾರ್ವಿ ಎಂಬ ಗೊಂಬೆ ತಯಾರಾಯಿತು. 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್, ಎಲ್ಲ ವಿದ್ಯಾರ್ಥಿಗಳಿಗೂ ಒಂದೇ ಅಳತೆಯ ಪ್ರಾಯೋಗಿಕ ಪರೀಕ್ಷೆಯ ಕ್ರಮ ರೂಪಿಸಿದರು. ಅರಿವಳಿಕೆಯಲ್ಲಿ ಮಲಗಿದ ಹೆಂಗಸರ ಒಳಪರೀಕ್ಷೆಯನ್ನು ಅವರ ಒಪ್ಪಿಗೆ ಇಲ್ಲದೆ ವಿದ್ಯಾರ್ಥಿಗಳಿಂದ ಮಾಡಿಸುವುದನ್ನು ಕ್ಯಾಲಿಫೋರ್ನಿಯಾ ರಾಜ್ಯ 2003ರಲ್ಲಿ ಕಾನೂನಿನಿಂದ ನಿಲ್ಲಿಸಿತು. ಕಾನೂನು ಬೇಕಾಯಿತೆಂದರೆ ಆವರೆಗೆ ಅದು ನಡೆಯುತ್ತಿತ್ತು ಎಂದೇ ಅರ್ಥ. ನಮ್ಮಲ್ಲಿ 2019ರ ಪಠ್ಯಕ್ರಮ ಕೌಶಲ ಪ್ರಯೋಗಾಲಯವನ್ನು ಕಡ್ಡಾಯ ಮಾಡಿತು. ರೋಗಿಯೊಡನೆ ನಡವಳಿಕೆ, ನೀತಿ, ಸಂವಹನಗಳ ಪಾಠವನ್ನು ಸೇರಿಸಿತು. ಇತ್ತೀಚಿನ ವರ್ಷಗಳಲ್ಲಿ ವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳನ್ನು ದತ್ತು ತೆಗೆದುಕೊಂಡು ಮನೆಗೇ ಹೋಗಿ ಆರೋಗ್ಯ ವಿಚಾರಿಸುವ ಯೋಜನೆಯೂ ಬಂದಿದೆ. ಸುಶ್ರುತನ ಸೋರೆಕಾಯಿ ರಬ್ಬರಿನ ಗೊಂಬೆಯಾಗಿ ಮರಳಿದೆ; ರೋಗಿಯ ಮನೆಗೆ ಹೋಗುವ ಶಿಷ್ಯನೂ ಮರಳಿದ್ದಾನೆ.

ಇನ್ನೊಂದು ಕಡೆಯಿಂದ, ಮುಟ್ಟುವುದೇ ಕಡಿಮೆಯಾಗುತ್ತಿದೆ. ಸ್ಕ್ಯಾನ್ ಇರುವಾಗ ಬೆರಳೇಕೆ ಎಂಬ ಪ್ರಶ್ನೆ ಹುಡುಗರದ್ದು ಮಾತ್ರವಲ್ಲ, ರೋಗಿಗಳದ್ದೂ ಹೌದು. ಮದರಾಸಿನಲ್ಲಿ ಕಲಿತು ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಲಿಸುತ್ತಿರುವ, ಕಾದಂಬರಿಕಾರರೂ ಆದ ಏಬ್ರಹಾಂ ವರ್ಗೀಸ್, ಪ್ರತಿಯೊಬ್ಬ ವೈದ್ಯನಿಗೂ ಬರಲೇಬೇಕಾದ 25 ಪರೀಕ್ಷಾ ವಿಧಾನಗಳನ್ನು ಪಟ್ಟಿಮಾಡಿ ಕಲಿಸುವ ಆಂದೋಲನವನ್ನೇ ನಡೆಸಿದ್ದಾರೆ. ಮುಟ್ಟಿ ನೋಡುವುದು ಒಂದು ವ್ರತಾಚರಣೆಯ ಹಾಗೆ, ಅದರಿಂದಲೇ ಇಬ್ಬರ ನಡುವೆ ನಂಬಿಕೆ ಹುಟ್ಟುತ್ತದೆ ಎಂಬುದು ಅವರ ವಾದ. ಬೈಂದೂರಿನ ಒಳನಾಡಿನ ಹಳ್ಳಿಯವರಿಗೆ ಇದಕ್ಕಿಂತ ಸರಳ ಕಾರಣವೂ ಇದೆ. ಸ್ಕ್ಯಾನಿಗೆ ಪೇಟೆಗೆ ಹೋಗಬೇಕು. ಬಸ್ಸು, ದುಡ್ಡು, ಒಂದು ದಿನದ ಕೂಲಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೂತ ಎಳೆಯ ವೈದ್ಯೆಯ ಬೆರಳು ಸರಿಯಾಗಿ ಕಲಿತಿದ್ದರೆ, ಯಾರನ್ನು ಈಗಲೇ ಕಳುಹಿಸಬೇಕು, ಯಾರಿಗೆ ಇಲ್ಲೇ ಮದ್ದು ಕೊಡಬಹುದು ಎಂಬುದು ಐದು ನಿಮಿಷದಲ್ಲಿ ತೀರ್ಮಾನವಾಗುತ್ತದೆ. ಗೊಂಬೆಯ ಎದೆಯಲ್ಲಿ ಸದ್ದು ಕಲಿಯಬಹುದು. ಹೆದರಿದ ಮನುಷ್ಯನ ಬಿಗಿದ ಹೊಟ್ಟೆಯನ್ನು ಮಾತಿನಿಂದ ಸಡಿಲಿಸುವುದನ್ನು ಹೆದರಿದ ಮನುಷ್ಯನಿಂದಲೇ ಕಲಿಯಬೇಕು. ಆದ್ದರಿಂದ ರೋಗಿ ಗುರುವಾಗಿಯೇ ಇರುತ್ತಾರೆ. ಗುರುವಿಗೆ ಸಲ್ಲಬೇಕಾದದ್ದು ಸಲ್ಲುತ್ತದೆಯೇ ಎಂಬುದೇ ಉಳಿದ ಪ್ರಶ್ನೆ.

ಅದು ದುಬಾರಿಯ ಸಂಗತಿಯಲ್ಲ. ಹೆಸರು ಕೇಳುವುದು. ತಾನು ಇನ್ನೂ ವಿದ್ಯಾರ್ಥಿ, ಕಲಿಯಲು ಬಂದವನು ಎಂದು ಹೇಳುವುದು. ‘ನೋಡಬಹುದಾ?’ ಎಂದು ಕೇಳಿ, ಬೇಡ ಎಂದರೆ ಬೇಸರಿಸದೆ ಹಿಂದೆ ಸರಿಯುವುದು. ಬೇಡ ಎಂದರೂ ಚಿಕಿತ್ಸೆ ಕಡಿಮೆಯಾಗದು ಎಂದು ತಿಳಿಸುವುದು. ಪರದೆ ಎಳೆಯುವುದು, ಹೆಂಗಸರಾದರೆ ಜೊತೆಗೊಬ್ಬ ಹೆಂಗಸು ಇರುವಂತೆ ನೋಡಿಕೊಳ್ಳುವುದು. ಹತ್ತು ಜನ ಮುಟ್ಟಬೇಕಿದ್ದಲ್ಲಿ ಮೂವರು ಮುಟ್ಟಿ ಸಾಕು ಎನ್ನುವುದು. ಕಂಡದ್ದನ್ನು ರೋಗಿಯ ತಲೆಯ ಮೇಲಿಂದ ಇಂಗ್ಲಿಷಿನಲ್ಲಿ ಚರ್ಚಿಸಿ ಹೊರಟುಹೋಗದೆ, ಅವರಿಗೆ ತಿಳಿಯುವ ಮಾತಿನಲ್ಲಿ ಎರಡು ವಾಕ್ಯ ಹೇಳುವುದು. ಅಂಗಿಯ ಗುಂಡಿ ಹಾಕಿಕೊಳ್ಳಲು ಸಮಯ ಕೊಡುವುದು. ಹಲವು ಕಾಲೇಜುಗಳಲ್ಲಿ ಅಂಗರಚನಾ ವಿಭಾಗದವರು ದೇಹದಾನ ಮಾಡಿದವರಿಗೆ ವಿದ್ಯಾರ್ಥಿಗಳಿಂದ ಗೌರವ ಸಲ್ಲಿಸುತ್ತಾರೆ. ಸತ್ತ ಮೇಲೆ ಮೈ ಕೊಟ್ಟವರನ್ನು ಗುರುವೆಂದು ಒಪ್ಪಿದವರಿಗೆ, ಬದುಕಿರುವಾಗಲೇ ನೋವಿನ ನಡುವೆ ಮೈ ಕೊಟ್ಟವರನ್ನು ಒಪ್ಪುವುದು ಕಷ್ಟವಾಗಬಾರದು.

ಹಚಿಸನ್‌ನಿಂದ ಹಿಡಿದು ಎಲ್ಲ ಕೈಪಿಡಿಗಳಲ್ಲೂ ಬಲಗಡೆ ನಿಲ್ಲು ಎಂಬ ನಿಯಮವಿದೆ. ನಿಂತ ಮೇಲೆ ಮೊದಲು ಏನು ಮಾಡಬೇಕು ಎಂಬುದನ್ನು ನಮ್ಮ ಊರಿನ ಯಾವ ಅಜ್ಜಿಯಾದರೂ ಹೇಳಿಯಾಳು. ಮನೆಗೆ ಬಂದವರನ್ನು ‘ಬನ್ನಿ, ಕೂಕಣಿ’ ಎಂದು ಕರೆದು, ಊರು ಯಾವುದು, ಯಾರ ಮನೆಯವರು ಎಂದು ವಿಚಾರಿಸದೆ ಅವಳು ಬೇರೆ ಮಾತೆತ್ತುವುದಿಲ್ಲ. ವಾರ್ಡಿನಲ್ಲಿ ಬಂದವನು ವಿದ್ಯಾರ್ಥಿ, ಹಾಸಿಗೆಯ ಮೇಲಿರುವವಳು ಅಜ್ಜಿ. ವಿಚಾರಿಸಬೇಕಾದ ಸರದಿ ಅವನದು.